ವೀರ್ಯಾಣುವಿನ ಎಣಿಕೆ, ಗಂಡಸಿನ ಬಯಕೆ

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳು ನೆಲ, ನೀರು, ಬೆಳೆಗಳ ವಿಚಾರದಲ್ಲಿ ಒಂದನ್ನೊಂದು ಹೋಲುವುದಿಲ್ಲ. ಚನ್ನಗಿರಿಯದು ಅಡಿಕೆ ತೋಟಗಳ ಮತ್ತು ಸೂಳೆಕೆರೆಯ ಸೀಮೆ. ಹೊನ್ನಾಳಿಯದು ತುಂಗಭದ್ರೆಯ ದಂಡೆಯ, ಭದ್ರಾ ನಾಲೆಯ ಭತ್ತದ ಸೀಮೆ. ಹೊನ್ನಾಳಿಯಿಂದ ಬೇರ್ಪಟ್ಟು ಈಚೆಗೆ ಸ್ವತಂತ್ರ ತಾಲ್ಲೂಕಾದ ನ್ಯಾಮತಿಯಲ್ಲಿ ಮೆಕ್ಕೆಜೋಳದ ಹೊಲಗಳೂ ಬಂಜಾರರ ತಾಂಡಾಗಳೂ ಕಾಣುತ್ತವೆ. ಜಗಳೂರಿನದು ಮಳೆಗಾಗಿ ಮುಗಿಲು ನೋಡುವ ಬಯಲು. ಆದರೆ ಮದುವೆಯಾಗಿ ಎರಡು ಮೂರು ವರ್ಷ ಕಳೆದರೂ ತೊಟ್ಟಿಲು ಕಟ್ಟದ ಮನೆಯೊಳಗೆ ನಡೆಯುವುದು ನಾಲ್ಕೂ ಕಡೆ, ರಾಜ್ಯದ ಉಳಿದ ಭಾಗಗಳಲ್ಲಿಯೂ, ಹೆಚ್ಚುಕಡಿಮೆ ಒಂದೇ ಬಗೆಯದು. "ಏನಾದ್ರೂ ವಿಶೇಷ ಐತಾ?" ಎಂಬ ಪ್ರಶ್ನೆ ಸೊಸೆಯ ಕಡೆಗೇ ತಿರುಗುತ್ತದೆ, ಹರಕೆ ಹೊರುವವಳು ಅವಳು, ಅರಳಿಕಟ್ಟೆ ಸುತ್ತುವವಳು ಅವಳು, ಸ್ಕ್ಯಾನಿಂಗಿಗೂ ರಕ್ತಪರೀಕ್ಷೆಗೂ ಮೊದಲು ಕೈಯೊಡ್ಡುವವಳೂ ಅವಳೇ. ಗಂಡನ ವೀರ್ಯ ಪರೀಕ್ಷೆ ಸರಳವಾದದ್ದು, ನೋವಿಲ್ಲದ್ದು, ಖರ್ಚಿನಲ್ಲಿಯೂ ಹಗುರವಾದದ್ದು. ಹಾಗಿದ್ದೂ ಅದು ಎಲ್ಲಕ್ಕಿಂತ ಕೊನೆಗೆ ಬರುತ್ತದೆ, ಎಷ್ಟೋ ಮನೆಗಳಲ್ಲಿ ಬರುವುದೇ ಇಲ್ಲ. ಗರ್ಭ ನಿಲ್ಲದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಸಂದರ್ಭಗಳಲ್ಲಿ ಗಂಡಿನ ಕಡೆಯ ಕಾರಣ ಒಂದೋ ತಾನೊಂದೇ, ಇಲ್ಲವೇ ಹೆಣ್ಣಿನ ಕಡೆಯ ಕಾರಣದೊಡನೆ ಸೇರಿಕೊಂಡು ಇರುತ್ತದೆಂಬುದು ವೈದ್ಯಲೋಕ ಬಹುಕಾಲದಿಂದ ಬಲ್ಲ ಸಂಗತಿ.

ಈ ವಿಳಂಬಕ್ಕೆ ಸಂಕೋಚವೊಂದೇ ಕಾರಣವಲ್ಲ. ವೀರ್ಯಾಣುಗಳ ಸಂಖ್ಯೆ, ಲೈಂಗಿಕ ಬಯಕೆ ಮತ್ತು ನಿಮಿರುವಿಕೆ ಎಂಬ ಮೂರು ಬೇರೆ ಬೇರೆ ಸಂಗತಿಗಳನ್ನು 'ಗಂಡಸ್ತನ'ವೆಂಬ ಒಂದೇ ಗಂಟಿನಲ್ಲಿ ಕಟ್ಟಿಟ್ಟಿರುವ ನಂಬಿಕೆ ಅದರ ಹಿಂದಿದೆ. ಹಾಸಿಗೆಯಲ್ಲಿ ತೊಂದರೆಯಿಲ್ಲದವನು ತನ್ನಲ್ಲಿ ದೋಷವಿರಲು ಸಾಧ್ಯವೇ ಇಲ್ಲವೆಂದು ಪರೀಕ್ಷೆಗೆ ಹೋಗುವುದಿಲ್ಲ; ಪರೀಕ್ಷೆಗೆ ಹೋಗಿ 'ಕೌಂಟ್ ಕಡಿಮೆ' ಎಂಬ ಮಾತು ಕೇಳಿದವನು ತನ್ನ ಗಂಡಸ್ತನವೇ ಹೋಯಿತೆಂದು ಕುಗ್ಗಿ, ಅದುವರೆಗೆ ಚೆನ್ನಾಗಿಯೇ ಇದ್ದ ಬಯಕೆಯನ್ನೂ ಕಳೆದುಕೊಳ್ಳುತ್ತಾನೆ. ಎರಡೂ ಕಡೆ ಹಾನಿ ಮಾಡುವುದು ಒಂದೇ ತಪ್ಪು ತಿಳಿವಳಿಕೆ.

ದೇಹದ ರಚನೆಯನ್ನು ನೋಡಿದರೆ ಗಂಟು ತಾನಾಗಿ ಬಿಚ್ಚಿಕೊಳ್ಳುತ್ತದೆ. ವೃಷಣ, ಅಂದರೆ ಬೀಜ, ಎರಡು ಕೆಲಸಗಳನ್ನು ಎರಡು ಬಗೆಯ ಜೀವಕೋಶಗಳಿಂದ ಮಾಡಿಸುತ್ತದೆ. ಅದರೊಳಗಿನ ಸೂಕ್ಷ್ಮ ನಳಿಗೆಗಳಲ್ಲಿ ವೀರ್ಯಾಣುಗಳು ಬೆಳೆಯುತ್ತವೆ. ಆ ನಳಿಗೆಗಳ ನಡುವಿನ ಸಂದುಗಳಲ್ಲಿರುವ ಲೇಡಿಗ್ ಕೋಶಗಳು ಟೆಸ್ಟೊಸ್ಟೆರಾನ್ ಎಂಬ ಪುರುಷ ಹಾರ್ಮೋನನ್ನು ತಯಾರಿಸಿ ರಕ್ತಕ್ಕೆ ಬಿಡುತ್ತವೆ. ಬಯಕೆಯನ್ನು ಪೋಷಿಸುವುದು ಈ ಹಾರ್ಮೋನು, ಅದರೊಂದಿಗೆ ಮಿದುಳು, ಮನಸ್ಸು ಮತ್ತು ಸಂಗಾತಿಯೊಡನೆ ಇರುವ ಸಂಬಂಧ; ವೀರ್ಯಾಣುಗಳಿಗೆ ಅದರಲ್ಲಿ ಪಾತ್ರವಿಲ್ಲ. ನಳಿಗೆಗಳಿಗೆ ಪೆಟ್ಟು ಬಿದ್ದು ವೀರ್ಯಾಣುಗಳೇ ಇಲ್ಲವಾದಾಗಲೂ ಲೇಡಿಗ್ ಕೋಶಗಳು ತಮ್ಮ ಕೆಲಸವನ್ನು ಮುಂದುವರಿಸಬಲ್ಲವು. ಹೊರಬರುವ ವೀರ್ಯದಲ್ಲಿಯೂ ವೀರ್ಯಾಣುಗಳ ಪಾಲು ಶೇ 5ನ್ನು ಮೀರುವುದಿಲ್ಲ. ಹೆಚ್ಚಿನದು ಶುಕ್ರಕೋಶ (ಸೆಮಿನಲ್ ವೆಸಿಕಲ್) ಎಂಬ ಗ್ರಂಥಿಗಳ ಸ್ರಾವ, ಉಳಿದದ್ದರಲ್ಲಿ ಬಹುಪಾಲು ಪ್ರಾಸ್ಟೇಟ್ ಗ್ರಂಥಿಯದು. ವೀರ್ಯ ಗಟ್ಟಿಯಾಗಿದೆಯೋ ತೆಳುವಾಗಿದೆಯೋ ಎಂದು ಕಣ್ಣಿನಿಂದ ನೋಡಿ ಅದರಲ್ಲಿ ಜೀವವಿದೆಯೇ ಇಲ್ಲವೇ ಎಂದು ಹೇಳಲು ಬರುವುದಿಲ್ಲ. 1677ರಲ್ಲಿ ಹಾಲೆಂಡಿನ ಲೇವೆನ್‌ಹುಕ್ ಸೂಕ್ಷ್ಮದರ್ಶಕದಡಿ ವೀರ್ಯಾಣುಗಳನ್ನು ಕಂಡು ವರದಿ ಮಾಡುವವರೆಗೆ ಅಂಥ ಜೀವಕೋಶಗಳಿವೆಯೆಂಬುದೇ ಜಗತ್ತಿಗೆ ತಿಳಿದಿರಲಿಲ್ಲ.

ಬಯಕೆ ವೀರ್ಯಾಣುಗಳ ಎಣಿಕೆಯನ್ನು ಅವಲಂಬಿಸಿಲ್ಲವೆಂಬುದಕ್ಕೆ ಅತ್ಯಂತ ದೊಡ್ಡ ಪುರಾವೆ ಪುರುಷ ಸಂತಾನಶಕ್ತಿಹರಣ ಚಿಕಿತ್ಸೆಯಲ್ಲಿದೆ. ಶಸ್ತ್ರಚಿಕಿತ್ಸೆಯಲ್ಲಿ ವೀರ್ಯಾಣುಗಳು ಸಾಗುವ ನಾಳವನ್ನಷ್ಟೇ ಕತ್ತರಿಸಿ ಕಟ್ಟುತ್ತಾರೆ. ಕೆಲವು ತಿಂಗಳಲ್ಲಿ ಎಣಿಕೆ ಸೊನ್ನೆಗೆ ಇಳಿಯುತ್ತದೆ, ಆದರೆ ಹಾರ್ಮೋನು ಮೊದಲಿನಂತೆಯೇ ರಕ್ತ ಸೇರುತ್ತದೆ, ಬಯಕೆ, ನಿಮಿರುವಿಕೆ, ಸ್ಖಲನಗಳು ಹಾಗೆಯೇ ಉಳಿಯುತ್ತವೆ. 1930ರಲ್ಲಿಯೇ ಸರ್ಕಾರಿ ಗರ್ಭನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆದ ಮೈಸೂರು ಸಂಸ್ಥಾನಕ್ಕೆ ಈ ತಾಲ್ಲೂಕುಗಳೆಲ್ಲ ಸೇರಿದ್ದವು. ಅಂಥ ಮುಂದಾಲೋಚನೆಯ ನಾಡಿನಲ್ಲಿಯೂ ಆಪರೇಷನ್ ಮಾಡಿಸಿಕೊಂಡರೆ ಶಕ್ತಿ ಹೋಗುತ್ತದೆಂಬ ಭಯ ಅಳಿದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶಾದ್ಯಂತ ಪುರುಷ ಸಂತಾನಶಕ್ತಿಹರಣದ ಪ್ರಮಾಣ ಶೇ 0.3 ಮಾತ್ರ. ಮಕ್ಕಳು ಸಾಕೆನ್ನುವವನನ್ನು ಹೆದರಿಸುವ ನಂಬಿಕೆಯೇ ಮಕ್ಕಳಿಲ್ಲದವನನ್ನೂ ಹೆದರಿಸುತ್ತಿದೆ.

ಅದೇ ಮಾತನ್ನು ಎದುರು ದಿಕ್ಕಿನಿಂದ ತೋರಿಸುವ ಪುರಾವೆಯೊಂದು ಇನ್ನೂ ಕಣ್ಣು ತೆರೆಸುವಂಥದ್ದು. ಮೈಕಟ್ಟಿಗಾಗಿ ಜಿಮ್‌ಗಳಲ್ಲಿ ಸ್ಟೆರಾಯ್ಡ್ ತೆಗೆದುಕೊಳ್ಳುವವರೂ, 'ಶಕ್ತಿ'ಗೆಂದು ಟೆಸ್ಟೊಸ್ಟೆರಾನ್ ಚುಚ್ಚುಮದ್ದು ಹಾಕಿಸಿಕೊಳ್ಳುವವರೂ ಆರಂಭದಲ್ಲಿ ಬಯಕೆ ಹೆಚ್ಚಿದ್ದನ್ನು ಕಾಣುತ್ತಾರೆ. ಆದರೆ ಹೊರಗಿನಿಂದ ಬಂದ ಹಾರ್ಮೋನು ರಕ್ತದಲ್ಲಿ ತುಂಬಿರುವುದನ್ನು ಕಂಡ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ, ವೃಷಣಗಳಿಗೆ ಕಳಿಸುತ್ತಿದ್ದ ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ಎಂಬ ಎರಡು ಪ್ರಚೋದಕಗಳನ್ನು ನಿಲ್ಲಿಸಿಬಿಡುತ್ತದೆ. ವೃಷಣದ ಒಳಗೆ ಇರಬೇಕಾದ, ರಕ್ತದಲ್ಲಿರುವುದಕ್ಕಿಂತ ಹತ್ತಾರು ಪಟ್ಟು ಸಾಂದ್ರವಾದ ಟೆಸ್ಟೊಸ್ಟೆರಾನ್ ಬತ್ತಿ, ವೀರ್ಯಾಣುಗಳ ಉತ್ಪಾದನೆ ನಿಲ್ಲುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಇದನ್ನೇ ಗಂಡಸರ ಗರ್ಭನಿರೋಧಕವಾಗಿ ಪ್ರಯೋಗಿಸಿ ನೋಡಿತು. 1990 ಮತ್ತು 1996ರಲ್ಲಿ ಪ್ರಕಟವಾದ ಆ ಪ್ರಯೋಗಗಳಲ್ಲಿ ವಾರಕ್ಕೊಂದು ಚುಚ್ಚುಮದ್ದು ಪಡೆದ ಬಹುಪಾಲು ಗಂಡಸರ ಎಣಿಕೆ ಸೊನ್ನೆಗೋ ಅದರ ಹತ್ತಿರಕ್ಕೋ ಇಳಿದಿತ್ತು. ಮಕ್ಕಳಾಗಲೆಂದು ಹಂಬಲಿಸುವವನಿಗೆ ಬಯಕೆ ಕಡಿಮೆಯೆಂಬ ಒಂದೇ ದೂರಿನ ಮೇಲೆ ಈ ಚುಚ್ಚುಮದ್ದು ಕೊಡುವುದು ಅವನ ಆಸೆಯ ಬುಡಕ್ಕೇ ಕೊಡಲಿ ಹಾಕಿದಂತೆ. ಬಿಟ್ಟ ಮೇಲೆ ಉತ್ಪಾದನೆ ಸಾಮಾನ್ಯವಾಗಿ ಮರಳುತ್ತದಾದರೂ ಅದಕ್ಕೆ ತಿಂಗಳುಗಳೇ ಬೇಕು, ಕೆಲವರಿಗೆ ವರ್ಷವೂ ಮೀರುತ್ತದೆ.

ವೀರ್ಯ ಪರೀಕ್ಷೆಯ ವರದಿಯನ್ನು ಓದುವ ಬಗೆಯೂ ತಿಳಿದಿರಬೇಕು. ವಿಶ್ವ ಆರೋಗ್ಯ ಸಂಸ್ಥೆ 1980ರಲ್ಲಿ ಮೊದಲು ಹೊರತಂದ ಪ್ರಯೋಗಾಲಯ ಕೈಪಿಡಿಯ ಆರನೆಯ ಆವೃತ್ತಿ 2021ರಲ್ಲಿ ಬಂದಿದೆ. ಅದರ ಪ್ರಕಾರ ಕೆಳಗಿನ ಮಿತಿಗಳು ಹೀಗಿವೆ: ಒಂದು ಸ್ಖಲನದಲ್ಲಿ 1.4 ಮಿಲಿಲೀಟರ್ ವೀರ್ಯ, ಪ್ರತಿ ಮಿಲಿಲೀಟರಿನಲ್ಲಿ 1.6 ಕೋಟಿ, ಒಟ್ಟಾರೆ 3.9 ಕೋಟಿ ವೀರ್ಯಾಣುಗಳು, ಅವುಗಳಲ್ಲಿ ಶೇ 42ರಷ್ಟಕ್ಕೆ ಚಲನೆ, ಶೇ 30ರಷ್ಟಕ್ಕೆ ಮುಂದಕ್ಕೆ ಈಜುವ ಚಲನೆ, ಶೇ 4ರಷ್ಟಕ್ಕೆ ಸರಿಯಾದ ಆಕಾರ. ನೂರರಲ್ಲಿ 96 ವೀರ್ಯಾಣುಗಳ ಆಕಾರ ಸರಿಯಿಲ್ಲದಿದ್ದರೂ ವರದಿ ಮಿತಿಯೊಳಗೇ ಇರುತ್ತದೆಂಬುದನ್ನು ಅನೇಕರು ಗಮನಿಸುವುದಿಲ್ಲ. ಒಂದು ವರ್ಷದೊಳಗೆ ಪತ್ನಿ ಗರ್ಭಿಣಿಯಾದ ಗಂಡಸರನ್ನು ಅಳೆದು, ಅವರಲ್ಲಿ ತೀರಾ ಕೆಳಗಿನ ಶೇ 5ರಷ್ಟು ಮಂದಿಯನ್ನು ಉಳಿದವರಿಂದ ಬೇರ್ಪಡಿಸುವಲ್ಲಿ ಎಳೆದ ಗೆರೆಗಳಿವು. ಗೆರೆಯ ಕೆಳಗಿರುವವನಿಗೆ ಮಕ್ಕಳಾಗುವುದಿಲ್ಲವೆಂದಾಗಲಿ, ಮೇಲಿರುವವನಿಗೆ ಆಗಿಯೇ ತೀರುತ್ತದೆಂದಾಗಲಿ ಅವುಗಳ ಅರ್ಥವಲ್ಲ. ಒಂದು ವೀರ್ಯಾಣು ಹುಟ್ಟಿ ಬೆಳೆಯಲು ಸುಮಾರು 74 ದಿನ ಬೇಕಾಗುವುದರಿಂದ ಎರಡು ತಿಂಗಳ ಹಿಂದೆ ಬಂದು ಹೋದ ಜೋರು ಜ್ವರವೂ ಇಂದಿನ ಎಣಿಕೆಯನ್ನು ತಗ್ಗಿಸಬಲ್ಲದು. ಆದ್ದರಿಂದಲೇ ಮೊದಲ ವರದಿ ಕೆಟ್ಟು ಬಂದರೆ ಕೆಲವು ವಾರಗಳ ಅಂತರದಲ್ಲಿ ಮತ್ತೊಮ್ಮೆ ಪರೀಕ್ಷಿಸದೆ ತೀರ್ಮಾನಕ್ಕೆ ಬರಬಾರದು.

ಬಯಕೆಗೂ ವೀರ್ಯಕ್ಕೂ ನೇರ ಮುಖಾಮುಖಿಯಾಗುವ ಜಾಗವೆಂದರೆ ಪ್ರಯೋಗಾಲಯ. ಎರಡರಿಂದ ಏಳು ದಿನ ಸ್ಖಲನವಿಲ್ಲದೆ ಇದ್ದು, ಅಗಲ ಬಾಯಿಯ ಸ್ವಚ್ಛವಾದ ಡಬ್ಬಿಯೊಳಗೆ ಹಸ್ತಮೈಥುನದ ಮೂಲಕ ಮಾದರಿ ಕೊಡಬೇಕು. ಮಾಮೂಲು ಕಾಂಡೋಮ್ ಬಳಸಬಾರದು. ಮೊದಲ ಹನಿಗಳಲ್ಲೇ ವೀರ್ಯಾಣುಗಳು ಹೆಚ್ಚಿರುವುದರಿಂದ ಸ್ವಲ್ಪವೂ ಹೊರಗೆ ಚೆಲ್ಲಬಾರದು. ಮಾದರಿ ನೀರಾದ ಮೇಲೆ, ಒಂದು ಗಂಟೆಯೊಳಗೆ, ಪರೀಕ್ಷೆ ಶುರುವಾಗಬೇಕು. ಜಗಳೂರಿನಿಂದ ದಾವಣಗೆರೆಗೆ, ಚನ್ನಗಿರಿಯಿಂದ ದಾವಣಗೆರೆಗೋ ಶಿವಮೊಗ್ಗಕ್ಕೋ ಬಸ್ಸಿನಲ್ಲಿ ಹೋಗುವವನು ಮನೆಯಿಂದ ಡಬ್ಬಿ ಒಯ್ದರೆ ಆ ಗಂಟೆ ದಾರಿಯಲ್ಲೇ ಮುಗಿದಿರುತ್ತದೆ; ಹೀಗಾಗಿ ಅವನು ಪ್ರಯೋಗಾಲಯದಲ್ಲಿಯೇ, ಹಲವು ಕಡೆ ಎಲ್ಲರೂ ಬಳಸುವ ಶೌಚಾಲಯದಲ್ಲಿ, ಹೊರಗೆ ಬಾಗಿಲು ಬಡಿಯುತ್ತಿರುವಾಗ ಮಾದರಿ ಕೊಡಬೇಕಾಗುತ್ತದೆ. ಅಲ್ಲಿ ಆಗದೆ ಬರಿಗೈಯಲ್ಲಿ ಹೊರಬಂದವನು ಅದನ್ನು ತನ್ನ ದೇಹದ ಸೋಲೆಂದು ತಿಳಿಯುತ್ತಾನೆ. ನಿಜದಲ್ಲಿ ಅದು ಬಾಗಿಲ ಚಿಲಕದ, ಕೋಣೆಯ, ಗುಟ್ಟು ಕಾಯುವ ಸಿಬ್ಬಂದಿಯ ಕೊರತೆ. ಒಳಗಿನಿಂದ ಚಿಲಕ ಹಾಕಬಹುದಾದ ಒಂದು ಪ್ರತ್ಯೇಕ ಕೋಣೆ ಪರೀಕ್ಷೆಯ ಅಗತ್ಯ ಸಲಕರಣೆಗಳಲ್ಲಿ ಒಂದೆಂದು ಪ್ರಯೋಗಾಲಯಗಳು ತಿಳಿಯಬೇಕು.

ಕರ್ನಾಟಕದಲ್ಲಿ ವೀರ್ಯದ ಗುಣಮಟ್ಟದ ಮೇಲೆ ನಡೆದ ಗಮನಾರ್ಹ ಅಧ್ಯಯನವೊಂದು ಮಣಿಪಾಲದ್ದು. 1993ರಿಂದ 2005ರವರೆಗೆ ಸಂತಾನಹೀನತೆಯ ಕಾರಣಕ್ಕೆ ಅಲ್ಲಿ ವೀರ್ಯ ಪರೀಕ್ಷೆಗೆ ಬಂದ 7,770 ಗಂಡಸರ ದಾಖಲೆಗಳನ್ನು ಸತೀಶ್ ಅಡಿಗ ಮತ್ತು ಸಂಗಡಿಗರು ಪರಿಶೀಲಿಸಿ 2008ರಲ್ಲಿ ಪ್ರಕಟಿಸಿದರು. 1993-94ರಲ್ಲಿ ಮಿಲಿಲೀಟರಿಗೆ ಸರಾಸರಿ 3.8 ಕೋಟಿಯಷ್ಟಿದ್ದ ವೀರ್ಯಾಣು ಸಾಂದ್ರತೆ 2004-05ರ ಹೊತ್ತಿಗೆ ಸುಮಾರು 2.7 ಕೋಟಿಗೆ ಇಳಿದಿತ್ತು. ಚಲನೆ ಮತ್ತು ಆಕಾರಗಳಲ್ಲಿಯೂ ಕುಸಿತ ಕಂಡಿತು. ಆಸ್ಪತ್ರೆಗೆ ಬಂದವರ ಲೆಕ್ಕವಾದ್ದರಿಂದ ಇದನ್ನು ನಾಡಿನ ಎಲ್ಲ ಗಂಡಸರಿಗೂ ಅನ್ವಯಿಸುವಂತಿಲ್ಲ. ಜಗತ್ತಿನ ಮಟ್ಟದಲ್ಲಿ ಹಗೈ ಲೆವೀನ್ ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ ವಿಶ್ಲೇಷಣೆ 1973ರಿಂದ 2018ರ ನಡುವೆ ಸಾಂದ್ರತೆ ಅರ್ಧಕ್ಕೂ ಹೆಚ್ಚು ಇಳಿದಿದೆಯೆಂದು ಅಂದಾಜಿಸಿತು. ಹಳೆಯ ಕಾಲದ ಎಣಿಕೆಯ ವಿಧಾನಗಳನ್ನು ಇಂದಿನವುಗಳೊಂದಿಗೆ ಹೋಲಿಸುವುದು ಎಷ್ಟು ಸರಿಯೆಂಬ ವಾದ ಇನ್ನೂ ನಡೆದಿದೆ. ಆದರೂ ಮಣಿಪಾಲದ ಅಂಕಿಗಳನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ.

ಬಯಕೆ ಕುಗ್ಗುವುದಾದರೆ ಅದು ಹೆಚ್ಚಿನವರಲ್ಲಿ ಸಂತಾನಹೀನತೆಯ ಕಾರಣವಾಗಿ ಬರುವುದಲ್ಲ, ಅದರ ಪರಿಣಾಮವಾಗಿ ಬರುವುದು. ಋತುಚಕ್ರದ ಹನ್ನೆರಡನೆಯ ದಿನದಿಂದ ಇಷ್ಟು ದಿನ ಕೂಡಬೇಕೆಂದು ವೈದ್ಯರು ಬರೆದುಕೊಟ್ಟ ಚೀಟಿ ಮಲಗುವ ಕೋಣೆಗೆ ಬಂದ ಮೇಲೆ ಸೇರುವಿಕೆ ಸಂತೋಷವಾಗಿ ಉಳಿಯದೆ ಒಪ್ಪಿಸಬೇಕಾದ ಕೆಲಸವಾಗುತ್ತದೆ. ಅಂದೇ ಆಗಬೇಕೆಂಬ ಒತ್ತಡ ಅಡ್ರಿನಾಲಿನ್‌ನಂಥ ಹಾರ್ಮೋನುಗಳನ್ನು ಏರಿಸುತ್ತದೆ. ಅವು ರಕ್ತನಾಳಗಳನ್ನು ಕಿರಿದಾಗಿಸುವುದರಿಂದ ನಿಮಿರುವಿಕೆಗೆ ಬೇಕಾದ ರಕ್ತ ಹರಿದು ಬರುವುದಿಲ್ಲ. ಒಮ್ಮೆ ಹೀಗಾದರೆ ಮುಂದಿನ ತಿಂಗಳು ಅದರ ಭಯವೇ ಮೊದಲು ಬಂದು ಕೂರುತ್ತದೆ, ಕ್ರಮೇಣ ಗಂಡನು ಆ ದಿನಗಳನ್ನೇ ತಪ್ಪಿಸತೊಡಗುತ್ತಾನೆ, ಹೆಂಡತಿ ಅದನ್ನು ತನ್ನ ಮೇಲಿನ ಬೇಸರವೆಂದು ತಿಳಿಯುತ್ತಾಳೆ. ಕೂಡುಕುಟುಂಬದ ಮನೆಯಲ್ಲಿ, ತೆಳ್ಳನೆಯ ಗೋಡೆಯ ಆಚೆ ಹಿರಿಯರು ಮಲಗಿರುವಲ್ಲಿ, ನಾಮಕರಣ, ಸೀಮಂತಗಳಿಗೆ ಕರೆದವರೇ ಕುಟುಕುವಲ್ಲಿ, ಈ ಸುಳಿ ಇನ್ನಷ್ಟು ಬಿಗಿಯಾಗುತ್ತದೆ. ಇದಕ್ಕೆ ಗುಳಿಗೆಗಿಂತ ಮೊದಲು ಬೇಕಾದದ್ದು ದಿನಾಂಕದ ಹಂಗು ಬಿಡುವುದು: ತಿಂಗಳಿಡೀ ಎರಡು ಮೂರು ದಿನಕ್ಕೊಮ್ಮೆ ಸೇರುತ್ತಿದ್ದರೆ ಅಂಡ ಬಿಡುಗಡೆಯಾಗುವ ದಿನ ತಾನಾಗಿ ಅದರೊಳಗೆ ಬಂದಿರುತ್ತದೆ, ಏಕೆಂದರೆ ವೀರ್ಯಾಣುಗಳು ಹೆಣ್ಣಿನ ದೇಹದಲ್ಲಿ ಐದು ದಿನಗಳವರೆಗೂ ಬದುಕಬಲ್ಲವು.

ಬಯಕೆ, ಎಣಿಕೆ ಎರಡೂ ಒಟ್ಟಿಗೆ ಕುಸಿಯುವ ಸಂದರ್ಭಗಳೂ ಇವೆ, ಅವುಗಳನ್ನು ಗುರುತಿಸದೆ ಬಿಡುವುದು ಅಪಾಯ. ಟೆಸ್ಟೊಸ್ಟೆರಾನ್ ನಿಜವಾಗಿ ಕೆಳಗಿಳಿದಾಗ, ಪಿಟ್ಯುಟರಿಯಲ್ಲಿ ಸಣ್ಣ ಗಡ್ಡೆಯೆದ್ದು ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಹೆಚ್ಚಿದಾಗ, ಹುಟ್ಟಿನಿಂದಲೇ ಒಂದು ಎಕ್ಸ್ ವರ್ಣತಂತು ಹೆಚ್ಚಾಗಿರುವ, ಸುಮಾರು 600 ಗಂಡುಗಳಲ್ಲಿ ಒಬ್ಬರಿಗೆ ಇರುವ, ಕ್ಲೈನ್‌ಫೆಲ್ಟರ್ ಸ್ಥಿತಿಯಲ್ಲಿ, ಅತಿ ಬೊಜ್ಜಿನಲ್ಲಿ, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆಯಲ್ಲಿ, ದೀರ್ಘಕಾಲದ ಕುಡಿತದಲ್ಲಿ ಬಯಕೆ ಮತ್ತು ವೀರ್ಯಾಣು ಎರಡೂ ಸೊರಗಬಹುದು. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳೂ ಬಯಕೆಯನ್ನು ತಗ್ಗಿಸುತ್ತವೆ; ಅವನ್ನು ತಾನಾಗಿ ನಿಲ್ಲಿಸದೆ ವೈದ್ಯರಿಗೆ ತಿಳಿಸಿ ಬದಲಿಸಿಕೊಳ್ಳಬೇಕು. 40 ದಾಟಿದ ಗಂಡಸರ ಮೇಲೆ ಯುರೋಪಿನಲ್ಲಿ ನಡೆದು 2010ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದ ಪ್ರಕಾರ ರಕ್ತದ ಟೆಸ್ಟೊಸ್ಟೆರಾನ್ ಲೀಟರಿಗೆ 8 ನ್ಯಾನೊಮೋಲ್‌ಗಿಂತ ಕೆಳಗಿಳಿದಾಗ ಬಯಕೆಯ ಕೊರತೆ ಸ್ಪಷ್ಟವಾಗಿ ಹೆಚ್ಚುತ್ತದೆ. ಅದಕ್ಕಿಂತ ಮೇಲಿರುವವನಲ್ಲಿ ಬಯಕೆ ಕುಗ್ಗಿದ್ದರೆ ಕಾರಣವನ್ನು ಬೇರೆಡೆಯೂ ಹುಡುಕಬೇಕು. ಬೆಳಗಿನ ಹೊತ್ತು ಮಾಡಿಸುವ ಒಂದು ರಕ್ತಪರೀಕ್ಷೆ ಇದನ್ನು ತಿಳಿಸುತ್ತದೆ. ವೃಷಣದ ರಕ್ತನಾಳಗಳು ಉಬ್ಬಿಕೊಳ್ಳುವ ವೆರಿಕೋಸೀಲ್ ಎಂಬ ಸ್ಥಿತಿ ಮಾತ್ರ ಹೆಚ್ಚಿನವರಲ್ಲಿ ಬಯಕೆಯನ್ನು ಮುಟ್ಟದೆ ಎಣಿಕೆಯನ್ನಷ್ಟೇ ತಗ್ಗಿಸುತ್ತದೆ. ಮಕ್ಕಳಾಗದ ಗಂಡಸರಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಮಂದಿಗೆ ಇದು ಇರುತ್ತದೆ, ಆಯ್ದ ಕೆಲವರಿಗೆ ಶಸ್ತ್ರಚಿಕಿತ್ಸೆಯಿಂದ ಗುಣವೂ ಸಿಗುತ್ತದೆ.

ಈ ತಾಲ್ಲೂಕುಗಳ ದಿನನಿತ್ಯದ ಬದುಕಿನಲ್ಲಿ ವೀರ್ಯಾಣುವಿಗೆ ಕೇಡು ತರುವ ಕೆಲವು ಸಂಗತಿಗಳಿವೆ. ಗುಟ್ಕಾ ಮತ್ತು ತಂಬಾಕು ಬೆರೆತ ಎಲೆಯಡಿಕೆ ಅವುಗಳಲ್ಲಿ ಮೊದಲನೆಯದು; ಮುಂಬೈನ ಸಂತಾನ ಚಿಕಿತ್ಸಾಲಯಕ್ಕೆ ಬಂದ ತಂಬಾಕು ಜಗಿಯುವ ಗಂಡಸರನ್ನು ಕುರಿತು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಜಗಿಯುವ ಪ್ರಮಾಣ ಹೆಚ್ಚಿದಂತೆ ವೀರ್ಯದ ಗುಣ ಕೆಳಗಿಳಿದದ್ದು ಕಂಡುಬಂತು. ಎರಡನೆಯದು ಬಿಸಿ. ವೃಷಣಗಳು ದೇಹದ ಹೊರಗಿನ ಚೀಲದಲ್ಲಿರುವುದೇ ಮೈಯ ಬಿಸಿಗಿಂತ ಎರಡರಿಂದ ನಾಲ್ಕು ಡಿಗ್ರಿ ತಂಪಾಗಿರಲೆಂದು. ಅಡಿಕೆ ಸುಗ್ಗಿಯಲ್ಲಿ ಹಂಡೆಯ ಬೆಂಕಿಯ ಮುಂದೆ ದಿನವಿಡೀ ನಿಂತು ಅಡಿಕೆ ಬೇಯಿಸುವವರೂ, ಲಾರಿ, ಟ್ರ್ಯಾಕ್ಟರುಗಳ ಬಿಸಿ ಸೀಟಿನ ಮೇಲೆ ಗಂಟೆಗಟ್ಟಲೆ ಕೂರುವವರೂ ಮಗುವಿಗಾಗಿ ಪ್ರಯತ್ನಿಸುತ್ತಿರುವಾಗ ನಡುನಡುವೆ ಎದ್ದು ಬಿಡುವು ತೆಗೆದುಕೊಳ್ಳುವುದು, ಸಡಿಲವಾದ ಹತ್ತಿಯ ಬಟ್ಟೆ ತೊಡುವುದು ವಿವೇಕ. ಮೂರನೆಯದು ಕೀಟನಾಶಕ. 1977ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಕಾರ್ಖಾನೆಯೊಂದರಲ್ಲಿ ಡಿಬಿಸಿಪಿ ಎಂಬ ಜಂತುಹುಳು ನಾಶಕವನ್ನು ತಯಾರಿಸುತ್ತಿದ್ದ ಕಾರ್ಮಿಕರು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತ, ಅನೇಕರಿಗೆ ಮಕ್ಕಳಾಗುತ್ತಿಲ್ಲವೆಂಬುದನ್ನು ಕಂಡುಕೊಂಡರು. ಪರೀಕ್ಷಿಸಿದಾಗ ಹಲವರ ವೀರ್ಯದಲ್ಲಿ ವೀರ್ಯಾಣುಗಳೇ ಇರಲಿಲ್ಲ. ಅವರ ಕೆಲಸದ ಶಕ್ತಿಯಲ್ಲಿ, ಮೈಕಟ್ಟಿನಲ್ಲಿ ಹೊರಗೆ ಕಾಣುವ ಲಕ್ಷಣವೇನೂ ಇರಲಿಲ್ಲ, ಆದ್ದರಿಂದಲೇ ಹಾನಿ ಅಷ್ಟು ಕಾಲ ಅಡಗಿತ್ತು. ಆ ಔಷಧ ಅಲ್ಲಿ 1979ರಲ್ಲಿ ಬಹುಪಾಲು ಬಳಕೆಗೆ ನಿಷೇಧವಾಯಿತು. ಭತ್ತಕ್ಕೂ ಮೆಕ್ಕೆಜೋಳಕ್ಕೂ ಬರಿಗೈಯಲ್ಲಿ ಔಷಧ ಕಲಸಿ, ಬರಿಮೈಯಲ್ಲಿ ಸಿಂಪಡಿಸುವ ರೈತನಿಗೆ ಈ ಪ್ರಕರಣ ತಿಳಿದಿರಬೇಕು: ಕೈಗವಸು, ಮುಖಗವಸು, ಸಿಂಪಡಿಸಿದ ಕೂಡಲೇ ಸ್ನಾನ, ಇವು ಅವನ ಮಕ್ಕಳ ಹೆಸರಿನಲ್ಲಿಯೂ ಬೇಕು.

ಗಂಡಸರ ಈ ಹೆದರಿಕೆ, ಸಂಕೋಚಗಳ ತಳದಲ್ಲಿ ಧಾತು ನಷ್ಟದ ಭಯ ಕೂತಿದೆ. ಆಹಾರದಿಂದ ರಸ, ರಸದಿಂದ ರಕ್ತ, ಹೀಗೆ ಏಳು ಧಾತುಗಳ ಸಾಲಿನಲ್ಲಿ ಶುಕ್ರವೇ ಕೊನೆಯದೆಂಬ ಆಯುರ್ವೇದದ ವಿವರಣೆ, ಜನರ ಬಾಯಲ್ಲಿ ಒಂದು ಹನಿ ವೀರ್ಯಕ್ಕೆ ಎಷ್ಟೋ ಹನಿ ರಕ್ತವೆಂಬ ಲೆಕ್ಕವಾಗಿ, ಸ್ವಪ್ನಸ್ಖಲನವಾದ ಹುಡುಗನನ್ನೂ ನರದೌರ್ಬಲ್ಯದ ರೋಗಿಯನ್ನಾಗಿ ಮಾಡಿತು. ಈ ಭಯದಿಂದಲೇ ಸುಸ್ತು, ನಿರುತ್ಸಾಹ, ಬಯಕೆಯ ಕೊರತೆ ಬಳಲಿಸುವ ಸ್ಥಿತಿಯನ್ನು ಮನೋವೈದ್ಯ ಎನ್.ಎನ್. ವಿಗ್ 1960ರಲ್ಲಿ 'ಧಾತ್ ಸಿಂಡ್ರೋಮ್' ಎಂದು ಗುರುತಿಸಿದರು. ಬಸ್ ನಿಲ್ದಾಣದ ಗೋಡೆಗಳ ಮೇಲಿನ ಗುಪ್ತರೋಗ ಜಾಹೀರಾತುಗಳು ಬದುಕಿರುವುದು ಈ ಭಯದ ಮೇಲೆಯೇ; ಅಲ್ಲಿ ಮಾರುವ ಪುಡಿ, ಎಣ್ಣೆಗಳಿಗೆ ಹಣ ಸುರಿಯುತ್ತ ಕಳೆದ ಎರಡು ಮೂರು ವರ್ಷಗಳಲ್ಲಿ ಹೆಂಡತಿಯ ವಯಸ್ಸು ಏರಿ ಗರ್ಭದ ಸಾಧ್ಯತೆ ಇಳಿಯುತ್ತದೆ, ಅದೇ ನಿಜವಾದ ನಷ್ಟ. ವೈದ್ಯೆಯೂ ಕಾದಂಬರಿಗಾರ್ತಿಯೂ ಆಗಿದ್ದ ಅನುಪಮಾ ನಿರಂಜನ 'ದಾಂಪತ್ಯ ದೀಪಿಕೆ'ಯಂಥ ಪುಸ್ತಕಗಳಲ್ಲಿ ಈ ವಿಷಯಗಳನ್ನು ಕನ್ನಡದಲ್ಲಿಯೇ, ಮುಜುಗರವಿಲ್ಲದೆ, ಗೌರವದಿಂದ ಬಿಡಿಸಿ ಹೇಳಿದರು. ಆ ಬಗೆಯ ಮಾತು ಇಂದು ಆರೋಗ್ಯ ಕೇಂದ್ರಗಳಲ್ಲಿ ಗಂಡಸರೊಂದಿಗೂ ನಡೆಯಬೇಕು.

ವೀರ್ಯಾಣುಗಳು ತೀರಾ ಕಡಿಮೆಯಿದ್ದರೂ ದಾರಿಯಿದೆ. 1992ರಲ್ಲಿ ಬ್ರಸೆಲ್ಸ್‌ನಿಂದ ವರದಿಯಾದ ಇಕ್ಸಿ ವಿಧಾನದಲ್ಲಿ ಒಂದೇ ಒಂದು ವೀರ್ಯಾಣುವನ್ನು ಆರಿಸಿ ಅಂಡದೊಳಗೆ ಚುಚ್ಚುತ್ತಾರೆ. ವೀರ್ಯದಲ್ಲಿ ಸೊನ್ನೆಯಿದ್ದವರಲ್ಲಿಯೂ ಕೆಲವರ ವೃಷಣದಿಂದಲೇ ವೀರ್ಯಾಣುವನ್ನು ತೆಗೆಯಲು ಬರುತ್ತದೆ. ದಾನಿಯ ವೀರ್ಯವನ್ನು 2021ರ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆಯಡಿ ನೋಂದಾಯಿತ ಬ್ಯಾಂಕಿನಿಂದ ಮಾತ್ರ, ಗುಟ್ಟು ಕಾಯ್ದುಕೊಂಡು, ಪಡೆಯಬಹುದು. ಆ ಕಾಯ್ದೆ ಚಿಕಿತ್ಸೆಗೆ ಹೆಂಗಸಿಗೆ 50, ಗಂಡಸಿಗೆ 55 ವರ್ಷಗಳ ಮೇಲಿನ ಮಿತಿ ಹಾಕಿದೆ. ದತ್ತು ಸ್ವೀಕಾರವೂ ಮಕ್ಕಳಿಲ್ಲದೆಯೇ ಬಾಳುವ ತೀರ್ಮಾನವೂ ಅಷ್ಟೇ ಗೌರವದ ಆಯ್ಕೆಗಳು.

ಈ ಯಾವ ದಾರಿಯೂ ಗಂಡನ ವರದಿಯಿಲ್ಲದೆ ತೆರೆಯುವುದಿಲ್ಲ. ಗರ್ಭನಿರೋಧಕವಿಲ್ಲದೆ ಒಂದು ವರ್ಷ ಒಟ್ಟಿಗೆ ಬಾಳಿಯೂ, ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳಾಗಿಯೂ ಗರ್ಭ ನಿಲ್ಲದಿದ್ದರೆ, ಅವಳನ್ನು ಸ್ಕ್ಯಾನಿಂಗಿಗೆ ಕರೆದೊಯ್ಯುವ ದಿನವೇ ಗಂಡನೂ ತನ್ನ ವೀರ್ಯ ಪರೀಕ್ಷೆ ಮಾಡಿಸಿಕೊಳ್ಳಲಿ. ಮನೆಯ ಹಿರಿಯರು ಮಗನಿಗೆ ಆ ಮಾತನ್ನು ತಾವೇ ಮೊದಲು ಹೇಳಲಿ.